‘ಹೃದಯಾಘಾತ ಶ್ರೀಮಂತರ ಕಾಯಿಲೆ’ ಎಂಬ ಸಂದೇಶದ ಕುರಿತು ಸ್ಪಷ್ಟನೆ

‘ಹೃದಯಾಘಾತ ಶ್ರೀಮಂತರ ಕಾಯಿಲೆ, ಬೆವರು ಸುರಿಸಿ ದುಡಿಯುವ ಬಡವರಿಗೆ ಅದರ ಭಯವಿಲ್ಲ’ ಎಂಬ ಸಂದೇಶವೊಂದು ಮೂಡಿಗೆರೆ, ಸಕಲೇಶಪುರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಎರಡು ಗುಂಪುಗಳಿಗೆ ಕಳುಹಿಸಿದ್ದೆ. ಅದು ತಪ್ಪು.

ಲಂಡನ್ನಿನಲ್ಲಿ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ ಸುಮಾರು 18,000 ಪುರುಷ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿದಾಗ, ಜವಾನರು, ಬಾಗಿಲು ಕಾಯುವವರು ಮೊದಲಾದ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಉನ್ನತ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು; ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಆ ಅಂತರದ ಬಹುಪಾಲು ಹಾಗೆಯೇ ಉಳಿಯಿತು. ಅವರೆಲ್ಲ ತಿಂಗಳ ಸಂಬಳವಿದ್ದ ನೌಕರರು, ಕಡುಬಡವರಲ್ಲ; ಅವರಲ್ಲೇ ಇಷ್ಟು ಅಂತರವಿತ್ತು ಎಂಬುದನ್ನು ಗಮನಿಸಬೇಕು. ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದ ‘ಪ್ಯೂರ್’ ಅಧ್ಯಯನದ 2014ರ ವರದಿಯ ಪ್ರಕಾರವೂ, ಬಡ ದೇಶಗಳಲ್ಲಿ ಧೂಮಪಾನ, ರಕ್ತದೊತ್ತಡದಂಥ ಅಪಾಯದ ಅಂಶಗಳು ಒಟ್ಟಾರೆ ಕಡಿಮೆಯಿದ್ದರೂ ಹೃದ್ರೋಗದ ಸಾವು ಶ್ರೀಮಂತ ದೇಶಗಳಿಗಿಂತ ಹೆಚ್ಚಿತ್ತು.

ಇದರ ಒಂದು ಕಾರಣ ನಮ್ಮ ಕಣ್ಣೆದುರಿಗೇ ಇದೆ: ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಎದೆ ಹಿಡಿದುಕೊಂಡರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು, ದಿನಗೂಲಿ ತಪ್ಪೀತೆಂದು ಮರುದಿನವೂ ಕಾಫಿ ಕೊಯ್ಲಿಗೆ ಹೋಗುವವರು ಇಸಿಜಿ ಮಾಡಿಸುವಷ್ಟರಲ್ಲಿ ಎಷ್ಟೋ ಸಲ ತಡವಾಗಿರುತ್ತದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.