ನಿಷೇಧ ಗೋಬಿಗಲ್ಲ, ಬಣ್ಣಕ್ಕೆ

"ನಾವೇನು ತಿನ್ನಬೇಕು ಅಂತ ಹೇಳೋಕೆ ಸರ್ಕಾರ ಯಾರು?" ಗೋಬಿ ಮಂಚೂರಿ ವಿಷಯ ಎತ್ತಿದಾಗಲೆಲ್ಲ ಈ ಮಾತು ಬರುತ್ತೆ. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕೋಕೆ 2024ರಲ್ಲಿ ಅಕ್ಕಪಕ್ಕದ ಎರಡು ರಾಜ್ಯಗಳಲ್ಲಿ ಏನಾಯ್ತು ಅಂತ ನೋಡಿದರೆ ಸಾಕು.

ಆ ವರ್ಷದ ಆರಂಭದಲ್ಲಿ ಗೋವಾದ ಮಾಪುಸಾ ನಗರಸಭೆ ಅಂಗಡಿ, ಜಾತ್ರೆಗಳಲ್ಲಿ ಗೋಬಿ ಮಂಚೂರಿ ಮಾರೋದನ್ನೇ ನಿಲ್ಲಿಸಿತು. ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದ್ದು ಬೇರೆಯೇ: ಗೋಬಿ ಮಾರಿ, ಕೃತಕ ಬಣ್ಣ ಹಾಕಬೇಡಿ. ಕಾಟನ್ ಕ್ಯಾಂಡಿ ಮಾರಿ, ಬಿಳಿಯದನ್ನೇ ಮಾರಿ. ಮಾಪುಸಾದ ಕ್ರಮ ತಪ್ಪು, ನಮ್ಮದು ಸರಿ ಅನ್ನೋದು ನನ್ನ ಖಚಿತ ನಿಲುವು. ಎಣ್ಣೆಯಲ್ಲಿ ಕರಿದದ್ದು ಅಂತ ಗೊತ್ತಿದ್ದೂ ತಿನ್ನೋದು ತಿನ್ನುವವರ ಆಯ್ಕೆ. ಬಟ್ಟೆಗೆ ಹಾಕೋ ಬಣ್ಣ ಮಗುವಿನ ಕೈಯಲ್ಲಿರೋ ಮಿಠಾಯಿಯಲ್ಲಿದ್ದರೆ ಅದನ್ನು ಯಾರೂ ಆರಿಸಿಕೊಂಡಿರೋದಿಲ್ಲ.

ಅಂದು ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ. ಕಾಟನ್ ಕ್ಯಾಂಡಿಯ 25ರಲ್ಲಿ 15. ಜೂನ್‌ನಲ್ಲಿ ಕಬಾಬ್ ಸರದಿ, 39ರಲ್ಲಿ 8.

ಇಲ್ಲಿ ಒಂದು ಸೂಕ್ಷ್ಮ ಬಹಳ ಜನರಿಗೆ ತಿಳಿದಿಲ್ಲ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಅನ್ನೋ ಬಟ್ಟೆಯ ಬಣ್ಣವನ್ನು ಯಾವ ತಿನಿಸಿಗೂ ಹಾಕುವಂತಿಲ್ಲ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅನ್ನೋ ಕೃತಕ ಬಣ್ಣಗಳು ಹಾಗಲ್ಲ. ಐಸ್‌ಕ್ರೀಮ್, ಬಿಸ್ಕತ್ತಿನಂಥ ಕೆಲವು ತಿನಿಸುಗಳಿಗೆ ಅವನ್ನು ಹಾಕೋಕೆ ಅನುಮತಿ ಇದೆ, ಅದೂ ಮಿತಿಯೊಳಗೆ. ಸಾಮಾನ್ಯ ಮಿತಿ ಕೆಜಿಗೆ 100 ಮಿಲಿಗ್ರಾಂ, ಅಂದರೆ ಗ್ರಾಮಿನ ಹತ್ತನೇ ಒಂದು ಭಾಗ. ಗೋಬಿ, ಕಬಾಬ್ ಆ ಪಟ್ಟಿಯಲ್ಲೇ ಇಲ್ಲ. ಇದ್ದಿದ್ದರೂ ಬೆರಳ ತುದಿಯಲ್ಲಿ ಎತ್ತಿ ಹಾಕುವ ಗಾಡಿಯವರಿಗೆ ಆ ಅಳತೆ ಕೈಗೆ ಸಿಗುತ್ತಾ? 0.3 ಗ್ರಾಂ ಶುದ್ಧ ಬಣ್ಣ ಬಿದ್ದರೆ ಒಂದು ಕೆಜಿಗೆ ಮೂರು ಪಟ್ಟು ಆಯ್ತು. "ಪ್ಯಾಕೆಟ್ ಮೇಲೆ ಫುಡ್ ಕಲರ್ ಅಂತಲೇ ಇದೆಯಲ್ಲ ಸಾರ್" ಅನ್ನೋ ವ್ಯಾಪಾರಿ ಸುಳ್ಳು ಹೇಳ್ತಿಲ್ಲ. ಯಾವ ಫುಡ್‌ಗೆ ಅನ್ನೋದನ್ನು ಅವರಿಗೆ ಯಾರೂ ಹೇಳಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಆದೇಶ ಬಂತು, ದಂಡದ ಸುದ್ದಿ ಬಂತು, ಬಣ್ಣದ ಬದಲಿಗೆ ಏನು ಮಾಡಬೇಕು ಅಂತ ಗಾಡಿಯ ಹತ್ತಿರ ಹೋಗಿ ತೋರಿಸೋದೂ ಅಷ್ಟೇ ದೊಡ್ಡ ಕೆಲಸ ಆಗಬೇಕಿತ್ತು. ಕಷ್ಟದ ಕೆಲಸವೇನಲ್ಲ.

ಅರ್ಧ ಕೆಜಿ ಗೋಬಿಗೆ ಎಂಟು ಬ್ಯಾಡಗಿ ಮೆಣಸಿನಕಾಯಿ ಸಾಕು. ಬೀಜ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಬೀಜ ಉಳಿದರೆ ಬಣ್ಣ ಮಂಕಾಗುತ್ತೆ. ಈ ಪೇಸ್ಟನ್ನು ಹಿಟ್ಟಿಗೆ ಹಾಕೋದೇ ಎಲ್ಲರೂ ಮಾಡುವ ತಪ್ಪು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಬಾಣಲೆಯಲ್ಲಿ ಅರ್ಧ ಬಣ್ಣ ಎಣ್ಣೆಗೆ ಬಿಟ್ಟುಕೊಳ್ಳುತ್ತೆ, ಉಳಿದದ್ದು ಸೀದು ಕಂದಾಗುತ್ತೆ. ಕರಿಯುವ ಹಿಟ್ಟಿಗೆ ಮೈದಾ ಎರಡು ಪಾಲು, ಕಾರ್ನ್‌ಫ್ಲೋರ್ ಒಂದು ಪಾಲು, ಉಪ್ಪು, ಚೂರು ಖಾರದಪುಡಿ ಇದ್ದರೆ ಆಯ್ತು. ಹೂವನ್ನು ಉಪ್ಪು ಬೆರೆಸಿದ ಕುದಿನೀರಲ್ಲಿ ಎರಡು ನಿಮಿಷ ಬಿಟ್ಟು, ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಿ. ತೇವ ಉಳಿದರೆ ಹಿಟ್ಟು ಜಾರುತ್ತೆ, ಎಣ್ಣೆ ಸಿಡಿಯುತ್ತೆ, ಗೋಬಿ ಮೆತ್ತಗಾಗುತ್ತೆ. ಮೊದಲು ಮಧ್ಯಮ ಉರಿಯಲ್ಲಿ ಬೇಯುವಷ್ಟು ಕರಿದು ತೆಗೆಯಿರಿ, ಕೊಡುವ ಮುಂಚೆ ಜೋರು ಉರಿಯಲ್ಲಿ ಇನ್ನೊಮ್ಮೆ ಒಂದು ನಿಮಿಷ.

ಬ್ಯಾಡಗಿ ಪೇಸ್ಟ್ ಹೋಗಬೇಕಾದ್ದು ಸಾಸಿಗೆ. ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎಣ್ಣೆ ಬಿಡೋ ತನಕ ಬಾಡಿಸಿದರೆ ಕೆಂಪು ತಾನಾಗಿ ಮೇಲೆ ಬರುತ್ತೆ. ಸೋಯಾ ಸಾಸ್ ಒಂದು ಚಿಕ್ಕ ಚಮಚ ಮೀರಬಾರದು, ಮೀರಿದರೆ ಕೆಂಪು ಕಪ್ಪಾಗುತ್ತೆ. ಬೀಟ್‌ರೂಟ್ ಹಾಕಿ ಅನ್ನೋ ಸಲಹೆ ನಂಬಬೇಡಿ, ಅದರ ಬಣ್ಣ ಬಿಸಿಗೆ ತಡೆಯೋದಿಲ್ಲ. ಇಷ್ಟೆಲ್ಲ ಮಾಡಿದರೂ ಬರೋದು ಇಟ್ಟಿಗೆ ಕೆಂಪು, ಹೊಳೆಯೋ ಕೆಂಪಲ್ಲ. ಆ ಹೊಳಪು ಅಡುಗೆಮನೆಯಲ್ಲಿ ಹುಟ್ಟೋದೇ ಇಲ್ಲ.

ತಿನ್ನುವವರು ಒಂದು ತುಂಡನ್ನು ಲೋಟದ ನೀರಿಗೆ ಹಾಕಿ ನೋಡಬಹುದು. ಮೆಣಸಿನಕಾಯಿಯ ಕೆಂಪು ಎಣ್ಣೆಯ ಜೊತೆ ಮೇಲೆ ತೇಲುತ್ತೆ. ನೀರೇ ಬೇಗ ಗುಲಾಬಿಯೋ ಕಿತ್ತಳೆಯೋ ಆದರೆ ಅನುಮಾನ ಪಡಿ. ಸುಳಿವು ಮಾತ್ರ ಇದು, ತೀರ್ಮಾನ ಲ್ಯಾಬಿನದು. ಖಾರದಪುಡಿಗೂ ಇದೇ ದಾರಿ: ನೀರ ಮೇಲೆ ಉದುರಿಸಿದಾಗ ಬಣ್ಣದ ಗೆರೆಗಳು ಕೆಳಗಿಳಿದರೆ ಕಲಬೆರಕೆ. ಎಣ್ಣೆಯಲ್ಲಿ ಕರಗುವ ಸುಡಾನ್ ಬಣ್ಣ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳೋದಿಲ್ಲ.

ಶಿಕ್ಷೆಯ ಬಗ್ಗೆಯೂ ಗೊಂದಲ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 59ನೇ ಸೆಕ್ಷನ್ ಹಾನಿಯ ಪ್ರಮಾಣ ನೋಡಿ ಶಿಕ್ಷೆ ಹೇಳುತ್ತೆ. ಕನಿಷ್ಠ 7 ವರ್ಷ ಜೈಲು, ಕನಿಷ್ಠ 10 ಲಕ್ಷ ದಂಡ ಇರೋದು ಸಾವು ಸಂಭವಿಸಿದಾಗ. ಬಣ್ಣ ಸಿಕ್ಕ ಪ್ರತಿ ಗಾಡಿಯವರೂ ಏಳು ವರ್ಷ ಒಳಗೆ ಹೋಗ್ತಾರೆ ಅಂತ ಹೆದರಿಸೋದು ಬೇಡ.

ದಿನವಿಡೀ ಉರಿ ಮುಂದೆ ನಿಂತು ದುಡಿಯೋ ಗಾಡಿಯವರ ಮಾದರಿ ಎತ್ತೋದು ಸುಲಭ. ಲೇಬಲ್ ಇಲ್ಲದ ಬಣ್ಣದ ಪುಡಿಯನ್ನು ಅವರಿಗೆ ಚಿಲ್ಲರೆಯಾಗಿ ಮಾರುವ ಅಂಗಡಿಗೆ ಅಧಿಕಾರಿಗಳು ಮೊದಲು ಹೋಗಲಿ. ಆ ಪುಡಿ ಅಲ್ಲೇ ಸಿಗದಂತಾದರೆ ಗಾಡಿಗೂ ಬರೋದಿಲ್ಲ.