ಗೆಣ್ಣಿನಲ್ಲಿ ನಿಂತ ಉಂಗುರ

ಹುಬ್ಬಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಮೊನ್ನೆ ಮದುಮಗಳ ಬೆರಳಿಗೆ ಸಲೀಸಾಗಿ ಏರಿದ ಉಂಗುರವನ್ನು ಫೋಟೋಗ್ರಾಫರ್ ಮಹಾಶಯ ಮತ್ತೆ ತೆಗೆಸಿದ. ಬೆಳಕು ಸಾಲಲಿಲ್ಲವಂತೆ. ಮುಂದಿನ ಸಲ ಯಾರದೋ ಮೊಣಕೈ ಅಡ್ಡ ಬಂತು. ಅದರ ಮುಂದಿನ ಸಲ ಉಂಗುರವನ್ನು ಅರ್ಧಕ್ಕೆ ನಿಲ್ಲಿಸಿ ಇಬ್ಬರೂ ಮುಖ ನೋಡಿಕೊಂಡು ನಗಬೇಕೆಂದು ಅಪ್ಪಣೆಯಾಯಿತು. ಅಯ್ಯನವರೇ ಬಾಯಿ ಮುಚ್ಚಿ ನಿಲ್ಲುವಷ್ಟು ಅಧಿಕಾರವನ್ನು ಈತನಿಗೆ ಯಾರು ಕೊಟ್ಟರೋ ನಾನರಿಯೆ. ಉಂಗುರದ ಕಾರ್ಯ ಸುಸೂತ್ರವಾಗಿ ನಡೆಯಲು ಏನು ಮಾಡಬೇಕೆಂಬುದನ್ನು ಹೇಳಿಬಿಡುತ್ತೇನೆ. ಅದಕ್ಕೂ ಮೊದಲು ಗದಗಿನ ಒಂದು ಮದುವೆಯ ವಿಷಯ ಹೇಳಬೇಕು.

ಅಲ್ಲಿ ವರನ ಬೆರಳಿನ ಅಳತೆಯನ್ನು ಬಾಯಿಬಿಟ್ಟು ಕೇಳಲು ಹೆಣ್ಣಿನವರಿಗೆ ಸಂಕೋಚವಾಯಿತು. ಹುಡುಗಿಯ ಸೋದರಮಾವ ಚಳಿಗಾಲದ ಒಂದು ಮುಂಜಾನೆ ಬೀಗರ ಮನೆಗೆ ಚಹಾ ಕುಡಿಯುವ ನೆಪದಲ್ಲಿ ಹೋಗಿ, ಹುಡುಗನ ಬೆರಳ ಬುಡಕ್ಕೆ ಹೂ ಕಟ್ಟುವ ದಾರ ಸುತ್ತಿ, ಗಂಟು ಬಿಗಿದು ಜೇಬಿಗೆ ಇಳಿಸಿಕೊಂಡು ಬಂದರು. ಪತ್ತಾರರ ಹತ್ತಿರ ಅಳತೆಯ ಉಂಗುರಗಳ ಗೊಂಚಲೇ ಇರುತ್ತದೆ ಎಂದರೆ ಕೇಳುವ ಆಸಾಮಿ ಅವರಲ್ಲ. ನಮ್ಮ ಅಂಗಡಿಗಳ ಲೆಕ್ಕದಲ್ಲಿ ಉಂಗುರದ ನಂಬರೆಂದರೆ ಒಳಸುತ್ತಳತೆಯ ಮಿಲಿಮೀಟರಿನಲ್ಲಿ ಸುಮಾರು 40 ಕಳೆದು ಉಳಿದದ್ದು. 14ನೆಯ ನಂಬರಿಗೆ 54 ಮಿಲಿಮೀಟರು. ನಂಬರಿನಿಂದ ನಂಬರಿಗೆ ಇರುವ ಅಂತರ ಒಂದೇ ಮಿಲಿಮೀಟರು, ಅದನ್ನು ಮಾಮಾ ಅವರ ಗಂಟೇ ನುಂಗಿತ್ತು. ಮೇಲಾಗಿ ಉಂಗುರ ದಾಟಬೇಕಾದದ್ದು ಗೆಣ್ಣನ್ನು. ಗೆಣ್ಣಿಗೆ ದಾರ ತಾಗಿರಲೇ ಇಲ್ಲ.

ಮದುವೆ ಬಂದದ್ದು ಮೇ ತಿಂಗಳಲ್ಲಿ. ಸೆಕೆಗೆ ಬೆರಳುಗಳು ಊದಿಕೊಳ್ಳುತ್ತವೆ. ಸೂಟಿನೊಳಗೆ ಬೆವರುತ್ತ, ದೀಪಗಳೆದುರು ಕೈ ಇಳಿಬಿಟ್ಟು ತಾಸುಗಟ್ಟಲೆ ನಿಂತವನ ಬೆರಳಿನ ಪಾಡನ್ನು ಕೇಳುವುದೇ ಬೇಡ. ಉಂಗುರ ಗೆಣ್ಣಿನಲ್ಲಿ ನಿಂತಿತು. "ಸಾಬಾಣ ಹಚ್ರಿ" ಎಂದರು ವರನ ಕಾಕಾ. "ಸಾಬಾಣ ಯಾಕ, ಕೊಬ್ರಿ ಎಣ್ಣಿ ತರ್ರಿ" ಎಂದಿತು ಇನ್ನೊಂದು ಧ್ವನಿ. ಕಡೆಗೆ ಅಡುಗೆಯವರಿಂದ ವಾಟಗದಲ್ಲಿ ತುಪ್ಪ ಬಂತು. ತುಪ್ಪ ಸವರಿದ ಉಂಗುರ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಜಾರಿ, ವರನ ಕೊರಳಲ್ಲಿದ್ದ ಹಾವೇರಿಯ ಏಲಕ್ಕಿ ಹಾರದೊಳಗೆ ಸೇರಿಕೊಂಡಿತು. ಎಳೆಎಳೆಯಾಗಿ ಏಲಕ್ಕಿ ಪೋಣಿಸಿ, ನಡುನಡುವೆ ಮಣಿ, ಜರಿ ಇಟ್ಟ ಆ ಹಾರದಲ್ಲಿ ಬಂಗಾರದ ಬಣ್ಣದ ವಸ್ತುವನ್ನು ಹುಡುಕುವುದು ಹುಡುಗಾಟವಲ್ಲ. ಹಾರವನ್ನು ಬಿಚ್ಚಲು ಅದನ್ನು ತಂದವರು ಒಪ್ಪಲಿಲ್ಲ. ತಲೆಗೊಂದು ಸಲಹೆ ಕೊಡುವವರಿಗೆ ನಮ್ಮ ಮದುವೆಗಳಲ್ಲಿ ಎಂದೂ ಬರವಿಲ್ಲ, ಅವರಿಗೆ ವೇದಿಕೆ ಹತ್ತಲು ಮೆಟ್ಟಿಲು ಇಟ್ಟದ್ದೇ ತಪ್ಪು.

ಕೊನೆಗೆ ಉಂಗುರ ಕಂಡದ್ದು ಮದುಮಗಳಿಗೆ. ಅವಳು ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಅದನ್ನು ವರನ ಕಿರುಬೆರಳಿಗೆ ತೊಡಿಸಿಬಿಟ್ಟಳು. "ದಾರ ಬರೋಬರಿನs ಇತ್ತು, ಬಟ್ಟು ದಪ್ಪ ಆಗ್ಯಾವ" ಎಂದು ಮಾಮಾ ವಾದಿಸುತ್ತಲೇ ಇದ್ದರು. ಕಲ್ಲು ಕೂರಿಸದ 22 ಕ್ಯಾರೆಟ್ಟಿನ ಉಂಗುರವನ್ನು ಹಿಗ್ಗಿಸುವುದು ಪತ್ತಾರರಿಗೆ ದೊಡ್ಡ ಕೆಲಸವೇನಲ್ಲ. ಆದರೆ ಅದರ ಮಜೂರಿಯನ್ನು ಬಟ್ಟಿನವರು ಕೊಡಬೇಕೋ ದಾರದವರು ಕೊಡಬೇಕೋ ಎಂಬ ಚರ್ಚೆ ಊಟದ ಪಂಕ್ತಿಗೂ ಮುಂದುವರಿದು, ಹೋಳಿಗೆ ಬಡಿಸಲು ಬಂದವನು ಎರಡೂ ಕಡೆಯವರನ್ನು ಬಿಟ್ಟು ಮುಂದೆ ಹೋದ.