ನಲ್ಲಿಯೇ ಇಲ್ಲದ ಜಾಗಕ್ಕೆ ನೀರಿನ ದುಡ್ಡು

ಕ್ಯಾಲಿಫೋರ್ನಿಯಾದ ಮರುಭೂಮಿ ಅಂಚಿನಲ್ಲಿ ನಮ್ಮದೊಂದು ಎರಡು ಎಕರೆ ಖಾಲಿ ಜಾಗ ಇದೆ. ಮರಳು, ಕುರುಚಲು ಪೊದೆ, ತುಕ್ಕು ಹಿಡಿದ ಗೇಟು, ಅಷ್ಟೇ. ಪ್ರತಿ ಅಕ್ಟೋಬರ್‌ನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬಂದಾಗ ಕೆಳಗಡೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ: ವಾಟರ್ ಸ್ಟ್ಯಾಂಡ್‌ಬೈ ಚಾರ್ಜ್. ನಲ್ಲಿ ಇಲ್ಲ, ಮೀಟರ್ ಇಲ್ಲ, ಒಂದು ಲೋಟ ನೀರು ಕುಡಿದಿಲ್ಲ. ಮುಂದೆ ಬೇಕಾದರೆ ಕೊಡ್ತೀವಿ ಅನ್ನೋದಕ್ಕೇ ಈ ದುಡ್ಡು!

ಮೊತ್ತ ದೊಡ್ಡದೇನಲ್ಲ. ಆದರೆ ನಮ್ಮ ಊರು ನರಗುಂದದ ಕಡೆ. ಮಲಪ್ರಭಾ ನೀರು ಸರಿಯಾಗಿ ಹರಿಯದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕುವ ಕರ) ಕಟ್ಟಿ ಅಂದಿದ್ದಕ್ಕೆ ರೈತರು ಎದ್ದು ನಿಂತು, 1980ರ ಜುಲೈ 21ಕ್ಕೆ ಗೋಲಿಬಾರ್ ಆದ ಕಥೆ ಕೇಳಿಯೇ ಬೆಳೆದವನು ನಾನು. ಸುಮ್ನೆ ಕಟ್ಟಿ ಕೂರೋಕೆ ಮನಸ್ಸು ಒಪ್ಪಲಿಲ್ಲ, ಹಾಗಾಗಿ ಕಾನೂನು ಓದಿದೆ.

ಇಲ್ಲಿನ ಜನ 1996ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 218 ಅನ್ನೋ ಪ್ರಸ್ತಾವಕ್ಕೆ ಮತ ಹಾಕಿ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಅದರ ಪ್ರಕಾರ ಸ್ಟ್ಯಾಂಡ್‌ಬೈ ಚಾರ್ಜ್‌ಗೆ ಯಾವ ಹೆಸರಿಟ್ಟರೂ ಅದು ಅಸೆಸ್‌ಮೆಂಟೇ, ಅಂದರೆ ಜಾಗಕ್ಕೆ ಸಿಗುವ ಲಾಭಕ್ಕೆ ಅಂತ ಆ ಜಾಗದ ಮೇಲೆ ಹಾಕುವ ಶುಲ್ಕ. ಊರಿಗೆಲ್ಲ ಒಳ್ಳೆಯದಾಗುತ್ತೆ ಅಂದರೆ ಸಾಲದು, ಈ ಜಾಗಕ್ಕೇ ಏನು ವಿಶೇಷ ಲಾಭ ಅಂತ ಎಂಜಿನಿಯರ್ ವರದಿ ಕೊಡಬೇಕು. ಆಮೇಲೆ ಮಾಲೀಕರಿಗೆಲ್ಲ ಅಂಚೆಯಲ್ಲಿ ಬ್ಯಾಲೆಟ್. ಜಾಸ್ತಿ ಕಟ್ಟುವವರ ಮತಕ್ಕೆ ಜಾಸ್ತಿ ತೂಕ (ಇದು ನನಗೆ ಅಷ್ಟು ಹಿಡಿಸಿಲ್ಲ, ದೊಡ್ಡ ಜಮೀನ್ದಾರನಿಗೇ ಅನುಕೂಲ ಅಲ್ವಾ?). ವಾಪಸ್ ಬಂದದ್ದರಲ್ಲಿ 'ಬೇಡ' ಹೆಚ್ಚಾದರೆ ಮುಗೀತು, ಹೇರುವ ಹಾಗಿಲ್ಲ. ಬ್ಯಾಲೆಟ್‌ನಲ್ಲಿ ಚಾರ್ಜ್ ಗೆದ್ದರೂ ಪ್ರಶ್ನಿಸೋಕೆ ಕೋರ್ಟ್ ಇದೆ. ನಮ್ಮ ಕನ್ನಡಿಗರು ತುಂಬಿಕೊಂಡಿರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ, ನೀರಿಗಲ್ಲ, ಬಯಲು ಜಾಗ ಉಳಿಸೋಕೆ ಮನೆಗೆ ವರ್ಷಕ್ಕೆ 20 ಡಾಲರ್ ಹಾಕಿದ್ದರು. ಬ್ಯಾಲೆಟ್‌ನಲ್ಲಿ ಪಾಸಾಗಿದ್ದ ಅದನ್ನೂ ರಾಜ್ಯದ ಸುಪ್ರೀಂ ಕೋರ್ಟ್ 2008ರಲ್ಲಿ ರದ್ದು ಮಾಡಿತು.

ತಿಂಗಳ ನೀರಿನ ಬಿಲ್ಲಿನ ಕಥೆ ಬೇರೆ. ಅಲ್ಲಿ ದರ ಏರಿಸೋದನ್ನ ತಡೆಯೋಕೆ ಅರ್ಧಕ್ಕಿಂತ ಜಾಸ್ತಿ ಜನ ಬರೆದು ವಿರೋಧಿಸಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆ. ಅಷ್ಟು ಜನ ಪತ್ರ ಬರೆಯುವುದುಂಟೇ!

ಇಷ್ಟೆಲ್ಲ ಓದಿ ಹುರುಪಿನಿಂದ ನೀರಿನ ಆಫೀಸಿಗೆ ಫೋನ್ ಮಾಡಿದೆ. "ನಿಮ್ಮದು 1996ಕ್ಕಿಂತ ಹಳೇ ಚಾರ್ಜ್" ಅಂದರು. ಮತ್ತೆ ಓದಿದರೆ ಹೌದು, ನೀರಿನ ಕೆಲಸಕ್ಕೇ ಹಾಕಿದ ಹಳೇ ಚಾರ್ಜ್‌ಗಳಿಗೆ ವಿನಾಯ್ತಿ ಇದೆ. ಏರಿಸಿದಾಗ ಮಾತ್ರ ಬ್ಯಾಲೆಟ್. ಹೊಟ್ಟೆ ಉರೀತು.

ಮೊನ್ನೆ ಆ ಏರಿಕೆಯ ಲಕೋಟೆ ಬಂತು. ಪಿಜ್ಜಾ ಕೂಪನ್‌ಗಳ ನಡುವೆ ಸೇರಿ ಕಸಕ್ಕೆ ಹೋಗುವುದರಲ್ಲಿತ್ತು. 'ಬೇಡ' ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದ್ದೇನೆ, ಮನೆಯಲ್ಲಿ ಒಂದು ಸ್ಟ್ಯಾಂಪ್ ಸಿಗ್ತಿಲ್ಲ.